ಬೇವಿನ ಮರಕ್ಕೆ ಎರಡು ರಿಂಗು

ನಮ್ಮ ಸೋದರಮಾವ ಎರಡು ವರ್ಷ, ಒಂದು ದಿನವೂ ತಪ್ಪದಂತೆ, ಆಫ್ರಿಕಾಕ್ಕೆ ಫೋನು ಮಾಡಿದ್ದಾರೆ. ಮಾಡಿದ್ದಾರೆ ನಿಜ, ಆದರೆ ಆ ಕಡೆಯವರು ಎಲ್ಲಿ ಎತ್ತಿಬಿಡುತ್ತಾರೋ ಎಂಬ ಭಯದಲ್ಲಿ ತಕ್ಷಣ ಕಟ್ ಮಾಡಿದ್ದಾರೆ! ಹೀಗೆ ಒಂದೂ ಮಾತಾಡದೆ ಎರಡು ವರ್ಷ ಸಂಸಾರ ನಡೆಸಿದ ಗಂಡಸು ದಾವಣಗೆರೆಯಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಮಾತಿಲ್ಲದೆ ಸಂಸಾರ ಮಾಡುವವರು ನಮ್ಮ ಬೀದಿಯಲ್ಲೇ ಹತ್ತು ಜನ ಇದ್ದಾರಲ್ಲ ಎನ್ನುತ್ತೀರಾ? ಇರಬಹುದು. ಅವರೆಲ್ಲ ಒಂದೇ ಮನೆಯೊಳಗಿದ್ದು ಮಾತು ಬಿಟ್ಟವರು. ಅದನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಒಯ್ದವರು ನಮ್ಮ ಮಾವ ಒಬ್ಬರೇ.

ಮಾವನ ಮನೆ ಇರುವುದು ಸರಸ್ವತಿ ನಗರದಲ್ಲಿ, ಉಸಿರು ಇರುವುದು ಮಂಡಿಪೇಟೆಯಲ್ಲಿ. ನಲವತ್ತು ವರ್ಷದಿಂದ ಕಾಳು ಕಡಿಯ ದಲಾಲಿ. ಹಳೆಯ ದಲಾಲರು ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈಯನ್ನು ಟವೆಲ್ಲಿನ ಕೆಳಗೆ ಎಳೆದುಕೊಂಡು, ಅವನ ಬೆರಳುಗಳನ್ನು ಹಿಡಿದು ಒತ್ತಿ ತಿಳಿಸುತ್ತಾರೆ. ಸುತ್ತ ನಿಂತ ಇಪ್ಪತ್ತು ಜನಕ್ಕೆ ಕಾಣುವುದು ಅಲುಗಾಡುವ ಟವೆಲ್ ಮಾತ್ರ. ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ, ಟವೆಲ್ ಬೆವರೊರೆಸಲಿಕ್ಕೆ ಅಷ್ಟೇ. ಆದರೆ ಮಾವ ಬಿಟ್ಟಿಲ್ಲ. ತರಕಾರಿಯವಳ ಹತ್ತಿರ ಬದನೆಕಾಯಿ ಕೊಳ್ಳುವಾಗಲೂ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮುಂದೆ ಚಾಚಿ, ಆಕೆಯಿಂದ ಬೈಸಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅತ್ತೆ ಇದಕ್ಕೆ ತದ್ವಿರುದ್ಧ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವರು. "ಉಸಿರು ಬಿಡಮ್ಮಾ, ಬಿಡು, ಇನ್ನೊಂದ್ ಸಲ!" ಎಂದು ಅವರು ಕೂಗಿದರೆ ಹೊರಗೆ ಬೆಂಚಿನ ಮೇಲೆ ಕೂತ ಗಂಡಂದಿರೂ ಉಸಿರು ಬಿಡುತ್ತಿದ್ದರಂತೆ. ಊರಿನ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಅದು. ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಆ ಲೆಕ್ಕಕ್ಕೆ, ಅರ್ಧ ಗಂಟೆ ದಾರಿಯ ಹರಿಹರದಲ್ಲಿದ್ದು ಆಗಾಗ ಬಂದುಹೋಗುವ ನಾನೇ ಮಗಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಮುಂದೆ ಬರುವ ಅವಾಂತರಗಳಲ್ಲಿ ವಿಜ್ಞಾನದ ಪಾಲೂ ಸ್ವಲ್ಪ ಇರುವುದರಿಂದ ಈಗಲೇ ಹೇಳಿಬಿಡುತ್ತಿದ್ದೇನೆ.

ಅತ್ತೆ ನಿವೃತ್ತರಾಗಿ ಎರಡು ತಿಂಗಳು ಮನೆಯಲ್ಲಿ ಕೂತರು. ಆ ಎರಡು ತಿಂಗಳಲ್ಲಿ ಅಟ್ಟವನ್ನು ಮೂರು ಸಲ ಇಳಿಸಿ ಹತ್ತಿಸಿದರು. ಮಾವನ ಟವೆಲ್ಲುಗಳನ್ನೆಲ್ಲ ಡೆಟಾಲಿನಲ್ಲಿ ಕುದಿಸಿದರು. ಆಮೇಲೆ ಒಂದು ದಿನ, ದಕ್ಷಿಣ ಸುಡಾನಿನಲ್ಲಿ ಒಂದು ಸಣ್ಣ ಆಸ್ಪತ್ರೆ ಇದೆ, ಅಲ್ಲಿಯ ಹುಡುಗಿಯರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಲು ಕರೆದಿದ್ದಾರೆ, ಎರಡು ವರ್ಷ, ಹೋಗುತ್ತೇನೆ ಎಂದರು. ಮಾವ ಮಂಡಕ್ಕಿ ತಿನ್ನುತ್ತಿದ್ದರು. ಬಾಯಲ್ಲಿದ್ದ ಮೆಣಸಿನಕಾಯಿಯನ್ನು ಪೂರ್ತಿ ಅಗಿದು ನುಂಗಿ, "ನಿನ್ನ ಇಲ್ಲೇ ಪಕ್ಕದ ಮಾಯಕೊಂಡಕ್ಕೆ ವರ್ಗ ಮಾಡಿದಾಗ್ಲೇ ದೂರ ಆತು ಅಂದಿದ್ದೆ ನಾನು" ಎಂದರು. ಅದು ಹೂಂ ಎಂದೋ ಉಹೂಂ ಎಂದೋ ನಮಗ್ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ಹೂಂ ಎಂದೇ ತಿಳಿದುಕೊಂಡು ಹೊರಟರು.

ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಆ ಊರಿಗೆ ಇರುವುದು ಒಂದೇ ಒಂದು ಟವರು. ಅದೂ ಜನರೇಟರಿನ ಮೇಲೆ ನಡೆಯುತ್ತದೆ. ಡೀಸೆಲ್ ಲಾರಿ ಬಂದರೆ ಉಂಟು, ರಸ್ತೆ ಕೆಸರಾಗಿ ಲಾರಿ ಹೂತುಕೊಂಡರೆ ಇಲ್ಲ. ಉಂಟಾದ ದಿನವೂ ನಮ್ಮ ಗಡಿಯಾರದ ಪ್ರಕಾರ ಮಧ್ಯಾಹ್ನ ಮೂರೂವರೆಯಿಂದ ಐದೂವರೆವರೆಗೆ ಅಷ್ಟೇ. ಇಂಟರ್ನೆಟ್ ಬೇಕಾದರೆ ರಾಜಧಾನಿಗೇ ಹೋಗಬೇಕು. ನಾವು ಇಲ್ಲಿ ಪಕ್ಕದ ಕೋಣೆಯಲ್ಲಿರುವವರಿಗೂ ವಿಡಿಯೋ ಕಾಲ್ ಮಾಡುವ ಕಾಲದಲ್ಲಿ, ಅತ್ತೆಯ ಮೊಬೈಲು ಆಸ್ಪತ್ರೆಯ ಅಂಗಳದ ಬೇವಿನ ಮರದ ಕೊಂಬೆಗೆ ಚೀಲದಲ್ಲಿ ನೇತಾಡುತ್ತಿತ್ತು. ಅಲ್ಲಿ ಸಿಗ್ನಲ್ ಸಿಗುವುದು ಆ ಒಂದು ಕೊಂಬೆಗೆ ಮಾತ್ರ!

ಮೊದಲ ಕರೆಯ ದಿನ ಮಾವ ತಾರಸಿ ಹತ್ತಿದರು. ಆಫ್ರಿಕಾ ಎಷ್ಟು ದೂರ ಎಂದು ನನ್ನನ್ನು ಕೇಳಿ ತಿಳಿದುಕೊಂಡು, ದನಿಯನ್ನು ಅದಕ್ಕೆ ತಕ್ಕಂತೆ ಏರಿಸಿದರು. "ಊಟ ಆತಾ?" ಎಂದು ಅವರು ಕೂಗಿದ ರಭಸಕ್ಕೆ ನೀರಿನ ಟ್ಯಾಂಕಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು. ಆ ಕಡೆಯಿಂದ ಉತ್ತರವಿಲ್ಲ. ಇನ್ನೊಮ್ಮೆ "ಊಟ ಆತಾ?" ಎಂದರು. ಆಗ ಹಿಂದಿನ ಬೀದಿಯ ಟೈಲರ್ ತನ್ನ ಅಂಗಡಿಯಿಂದ ಹೊರಗೆ ಬಂದು, ಮೇಲಕ್ಕೆ ನೋಡಿ, "ಆತು ಬಿಡ್ರಿ ಅಣ್ಣಾರೇ, ನಿಮ್ದು?" ಎಂದು ಕೇಳಿದ.

ಎರಡನೆಯ ವಾರ ಲೈನು ಸಿಕ್ಕಿತು. ಮಾವ ಹತ್ತು ನಿಮಿಷ ಮಾತಾಡಿ ಬಹಳ ತೃಪ್ತಿಯಿಂದ ಕೆಳಗಿಳಿದು ಬಂದರು.

"ಏನಂದ್ರು ಅತ್ತೆ?" ಎಂದೆ.

"ಅಪರೂಪಕ್ಕೆ ನೋಡವ್ವಾ, ನಾನು ಅಂದಿದ್ದಕ್ಕೆಲ್ಲ ಹೂಂ ಅಂದ್ಲು. ಸಾರಿಗೆ ಉಪ್ಪು ನಾನೇ ಹಾಕ್ಕಂತೀನಿ ಅಂದೆ, ಹಾಕ್ಕಂತೀನಿ ಅಂದ್ಲು. ನಿಮ್ಮಣ್ಣ ಸರಿಯಿಲ್ಲ ಅಂದೆ. ಅದಕ್ಕೂ, ನಿಮ್ಮಣ್ಣ ಸರಿಯಿಲ್ಲ ಅಂತ ಆಕೀನೇ ಅಂದ್ಲು!"

ನನಗೆ ಅನುಮಾನ ಬಂದು ಮಾರನೆಯ ದಿನ ನಾನೇ ಫೋನು ಹಿಡಿದು ನೋಡಿದೆ. ನಾವು ಆಡಿದ ಮಾತೇ ಸುಡಾನಿನವರೆಗೆ ಹೋಗಿ, ಬೇವಿನ ಮರ ಮುಟ್ಟಿ, ನಾಲ್ಕು ಸೆಕೆಂಡಿನ ನಂತರ ನಮ್ಮ ಕಿವಿಗೇ ವಾಪಸ್ ಬರುತ್ತಿತ್ತು. ಹತ್ತು ನಿಮಿಷ ಮಾವ ತಮ್ಮ ಜೊತೆಗೆ ತಾವೇ ಮಾತಾಡಿಕೊಂಡು ಬಂದಿದ್ದರು. ನಾನು ಪ್ರತಿಧ್ವನಿಯ ಪಾಠವನ್ನು ಚಿತ್ರ ಬರೆದು ವಿವರಿಸಿದೆ. ಮಾವನಿಗೆ ಬಹಳ ಬೇಸರವಾಯಿತು, ವಿಜ್ಞಾನದ ಮೇಲೆ.

ಅತ್ತೆಯ ದನಿ ಬಂದ ದಿನಗಳೂ ಇದ್ದವು. ಆಗ ಇನ್ನೊಂದು ತಾಪತ್ರಯ. ಇಬ್ಬರೂ ಒಟ್ಟಿಗೆ ಮಾತಾಡುವುದು, ಇಬ್ಬರೂ ಒಟ್ಟಿಗೆ ನಿಲ್ಲಿಸುವುದು, ಇಬ್ಬರೂ ಒಟ್ಟಿಗೆ "ನೀವು ಹೇಳ್ರಿ", "ನೀನು ಹೇಳು" ಎನ್ನುವುದು, ಅಷ್ಟರಲ್ಲಿ ಕಟ್ ಆಗುವುದು. ಒಂದು ತಿಂಗಳು ಹೀಗೆ ನಡೆಯಿತು. ಕೊನೆಗೆ ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಘೋಷಿಸಿದರು.

"ಮಾತು ಯಾಕ ಬೇಕು? ಐದು ಬೆರಳಿನಾಗೆ ಇಡೀ ಪೇಟೆ ನಡೆಸಿದೀನಿ. ಒಬ್ಬಾಕಿ ಹೇಂತಿಗೆ ಊಟ ಆತು ಅಂತ ತಿಳಿಸಾಕೆ ಆಗಂಗಿಲ್ಲಾ?"

ಹೀಗೆ ಹುಟ್ಟಿತು ಮಾವನ ಮಿಸ್ಡ್ ಕಾಲ್ ಶಾಸ್ತ್ರ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು. ಒಂದು ರಿಂಗು ಆದರೆ ಆರಾಮ ಇದೀನಿ. ಎರಡಾದರೆ ಊಟ ಆತು. ಮೂರಾದರೆ ಕ್ಯಾಲ್ಸಿಯಂ ಮಾತ್ರೆಯ ಮಾತು, ಇವರು ಮಾಡಿದರೆ ನುಂಗಿದೆ ಎಂದೂ ಅತ್ತೆ ಮಾಡಿದರೆ ನುಂಗಿದ್ರಾ ಎಂದೂ ಅರ್ಥ. ನಾಲ್ಕಾದರೆ ಮನೆ ಸೋರ್ತೈತೆ, ಅದನ್ನೇ ಅತ್ತೆ ಮಾಡಿದರೆ ಮೇಸ್ತ್ರಿ ಕರೆಸ್ರಿ. ಐದಾದರೆ ಹರಿಹರಕ್ಕೆ ಹೊಂಟೀನಿ. ಆಮೇಲೆ ಎರಡು ರಿಂಗು ಕೊಟ್ಟು ಸ್ವಲ್ಪ ತಡೆದು ಒಂದು, ಮೂರು ಕೊಟ್ಟು ತಡೆದು ಎರಡು ಎಂದು ಜೋಡಣೆಗಳು ಶುರುವಾದವು. ಕುಕ್ಕರಿನ ಗ್ಯಾಸ್ಕೆಟ್ ಹೋಗಿದೆ, ಹೊಸದು ಎಲ್ಲಿದೆ ಎಂಬುದಕ್ಕೇ ಒಂದು ಜೋಡಣೆ ಇತ್ತು. ಅತ್ತೆಯ ಉತ್ತರ ಒಂದಾದರೆ ಅಟ್ಟದಲ್ಲಿ, ಎರಡಾದರೆ ಬೀರುವಿನಲ್ಲಿ! ಹೀಗೆ ಬೆಳೆದು ಬೆಳೆದು ಇಪ್ಪತ್ತೆರಡು ಸಂದೇಶಗಳಾದವು. ಆ ಆಸ್ಪತ್ರೆಗೆ ಹೊರಟಿದ್ದ ಬೆಂಗಳೂರಿನ ಡಾಕ್ಟರೊಬ್ಬರ ಕೈಯಲ್ಲಿ ಅದರ ಪ್ರತಿ ಅತ್ತೆಗೆ ತಲುಪಿತು.

ಅತ್ತೆ ಹಗಲೆಲ್ಲ ವಾರ್ಡಿನಲ್ಲಿರುತ್ತಾರೆ, ಮರದ ಕೆಳಗೆ ಕೂತು ರಿಂಗು ಎಣಿಸುವವರು ಯಾರು? ಅದಕ್ಕೆ ಆಸ್ಪತ್ರೆಯ ಕಾವಲುಗಾರ ಡೆಂಗ್ ಎಂಬ ಎತ್ತರದ ಮನುಷ್ಯ ಒಪ್ಪಿಕೊಂಡ. ಒಂದೊಂದು ರಿಂಗಿಗೆ ಒಂದೊಂದು ಕಲ್ಲು ತೆಗೆದಿಟ್ಟು, ಆಮೇಲೆ ಆ ಕಲ್ಲುಗಳನ್ನು ಅಂಗೈಯಲ್ಲಿ ತಂದು ವಾರ್ಡಿನ ಕಿಟಕಿಯಲ್ಲಿ ಅತ್ತೆಗೆ ತೋರಿಸುವುದು ಅವನ ಕೆಲಸ. ಒಂದು ದಿನ ಅವನ ಬೆರಳು ತಾಗಿ ಕರೆ ಎತ್ತಿದಂತಾಗಿಬಿಟ್ಟಿತು. ಮಾವ ಗಾಬರಿಯಾದರೂ ಕಟ್ ಮಾಡಲಿಲ್ಲ. ಇವರು ಕನ್ನಡ, ಅವನು ಅವನ ಭಾಷೆ, ಐದು ನಿಮಿಷ ಮಾತಾಡಿದರು.

"ಏನು ತಿಳೀತು ಮಾವಾ?"

"ಸಲಾಂ ಅಂದ, ನಾನೂ ಸಲಾಂ ಅಂದೆ. ಆಮ್ಯಾಲೆ ಅವನಷ್ಟಕ್ಕೆ ಅವನು ನಕ್ಕ, ನನ್ನಷ್ಟಕ್ಕೆ ನಾನು ನಕ್ಕೆ. ಒಳ್ಳೆ ಮನುಷ್ಯ. ನಮ್ಮ ಪೇಟ್ಯಾಗೆ ಎಷ್ಟೋ ವ್ಯಾಪಾರ ಇಷ್ಟರಾಗೇ ಮುಗಿದಾವೆ."

ಭಾನುವಾರ ಪೇಟೆಗೆ ರಜೆ. ಅಂದು ಮಾವ ಹರಿಹರಕ್ಕೆ ಬರುತ್ತಿದ್ದರು. ನಮ್ಮನ್ನು ನೋಡಲಿಕ್ಕೆ ಎಂದು ನಾವು ಮೊದಮೊದಲು ಹೆಮ್ಮೆಪಟ್ಟುಕೊಂಡಿದ್ದೆವು. ಆಮೇಲೆ ತಿಳಿಯಿತು, ಬರುತ್ತಿದ್ದದ್ದು ತುಂಗಭದ್ರೆಗಾಗಿ. "ನಮ್ಮ ಸರಸ್ವತಿ ನಗರದಾಗೆ ಎಲ್ಲ ಮೂರಂತಸ್ತಿನ ಮನೆ. ಹೊಳಿ ಮ್ಯಾಲೆ ಅಡ್ಡ ಏನೈತೆ? ಸೀದಾ ಹೋಗ್ತೈತೆ ಲೈನು" ಎಂಬುದು ಅವರ ಸಿದ್ಧಾಂತ. ಟವರು, ಉಪಗ್ರಹ ಎಂದು ನಾನು ಬಾಯಿ ತೆರೆದರೆ, ಪ್ರತಿಧ್ವನಿಯ ಸಿಟ್ಟು ಇನ್ನೂ ಆರಿರದ ಮಾವ ಟವೆಲ್ಲಿನಿಂದ ಗಾಳಿ ಹಾಕಿಕೊಂಡು ಆ ಕಡೆ ತಿರುಗುತ್ತಿದ್ದರು.

ಸಂಜೆ ನಾಲ್ಕಕ್ಕೆ ಹೊಳೆಯ ಮೆಟ್ಟಿಲಿನ ಮೇಲೆ ಪಡುವಣಕ್ಕೆ ಮುಖ ಮಾಡಿ, ಫೋನನ್ನು ಹಣೆಯ ಎತ್ತರಕ್ಕೆ ಹಿಡಿದು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ರಿಂಗು ಎಣಿಸುವ ಮಾವನನ್ನು ನೀವು ನೋಡಬೇಕಿತ್ತು! ಪರವೂರಿನಿಂದ ಬಂದ ಒಂದು ಕುಟುಂಬ ಇದ್ಯಾವುದೋ ದೊಡ್ಡ ಅನುಷ್ಠಾನವೆಂದು ತಿಳಿದು ಪಕ್ಕದಲ್ಲಿ ಕೈ ಮುಗಿದುಕೊಂಡು ನಿಂತಿತು. ಎಣಿಕೆ ಮುಗಿಸಿ ಕಣ್ಣು ತೆರೆದ ಮಾವ, "ಊಟ ಆತು" ಎಂದು ತಮಗೆ ತಾವೇ ಹೇಳಿಕೊಂಡರು. ಆ ಮನೆಯ ಅಜ್ಜಿ ಗಡಿಬಿಡಿಯಿಂದ ಚೀಲ ಬಿಚ್ಚಿ, "ಇನ್ನೊಂದೀಟು ತಗಳ್ರಿ ಸ್ವಾಮೀ" ಎಂದು ಎರಡು ಬಾಳೆಹಣ್ಣು ಕೊಟ್ಟರು. ಮಾವ ತೆಗೆದುಕೊಂಡರು.

ಎಂಟು ತಿಂಗಳು ಈ ಏರ್ಪಾಡು ನಿರಾತಂಕವಾಗಿ ನಡೆಯಿತು. ಆಮೇಲೆ ಅದೇ ಡಾಕ್ಟರು ಔಷಧಿ ತರಲು ರಾಜಧಾನಿಗೆ ಹೋದವರು, ಅತ್ತೆ ಬರೆದುಕೊಟ್ಟ ಚೀಟಿಯ ಫೋಟೋ ಹೊಡೆದು ನನಗೆ ಕಳಿಸಿದರು. ಅದರಲ್ಲಿ ಅತ್ತೆ ಕೇಳಿದ್ದರು: "ಎಂಟು ತಿಂಗಳಿಂದ ದಿನಾ ಮನೆ ಸೋರ್ತೈತೆ ಅಂತಾರಲ್ಲ, ಬೇಸಿಗೆಯಲ್ಲೂ ಸೋರುವುದು ಹೆಂಗೆ? ನಾನೂ ದಿನಾ ಮೇಸ್ತ್ರಿ ಕರೆಸಿರಿ, ಮೇಸ್ತ್ರಿ ಕರೆಸಿರಿ ಅಂತ ರಿಂಗು ಮಾಡಿ ಸಾಕಾಗಿದೆ."

ನಾನು ಕ್ಯಾಲೆಂಡರು ಮುಂದಿಟ್ಟುಕೊಂಡು ತನಿಖೆಗೆ ಕೂತೆ. ಮಾವನ ಫೋನಿನಿಂದ ನನ್ನ ಫೋನಿಗೇ ರಿಂಗು ಕೊಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಕರೆ ಮಾಡಿದವರ ಕಿವಿಗೆ ಕೇಳುವ ರಿಂಗು ಬೇರೆ, ಆ ಕಡೆ ಬಡಿಯುವ ರಿಂಗು ಬೇರೆ. ಎರಡಕ್ಕೂ ತಾಳಮೇಳವಿಲ್ಲ. ಇಲ್ಲೇ ಹೀಗಾದರೆ ಆ ಬೇವಿನ ಮರದಲ್ಲಿ ಹೇಗಿರಬೇಡ! ಮಾವ ಎರಡು ಎಣಿಸಿ ಊಟವಾಯಿತು ಎಂದು ಕಟ್ ಮಾಡಿದರೆ ಡೆಂಗ್ ಅಲ್ಲಿ ನಾಲ್ಕು ಕಲ್ಲು ಹಿಡಿದು ಕಿಟಕಿಗೆ ಓಡುತ್ತಿದ್ದ. ಅತ್ತೆ ಮೇಸ್ತ್ರಿಯನ್ನು ಕರೆಸಿ ಎಂದದ್ದು ಇಲ್ಲಿ ಮೂರು ರಿಂಗಾಗಿ ಬಡಿದು, ಮಾತ್ರೆ ನುಂಗಿದ್ರಾ ಎಂದಾಗುತ್ತಿತ್ತು. ಬೆಳಿಗ್ಗೆ ಒಂದು ನುಂಗಿದ್ದ ಮಾವ, ಹೆಂಡತಿ ಕೇಳಿದಳಲ್ಲ ಎಂದು ಸಂಜೆ ಇನ್ನೊಂದು ನುಂಗುತ್ತಿದ್ದರು.

"ಎಂಟು ತಿಂಗಳು ನೀವಿಬ್ಬರೂ ಏನು ಮಾತಾಡಿದೀರಿ ಅಂತ ನಿಮಗೇ ಗೊತ್ತಿಲ್ಲವಲ್ಲ ಮಾವಾ!" ಎಂದೆ.

ಮಾವ ಸ್ವಲ್ಪವೂ ಅಲುಗಲಿಲ್ಲ. "ಮೂವತ್ನಾಕು ವರ್ಷ ಎದುರುಬದುರು ಕುಂತು ಮಾತಾಡಿದಾಗ್ಲೂ ಇಷ್ಟೇ ತಿಳೀತಿತ್ತು. ಈಗೇನು ಹೊಸದಾಗಿ?" ಎಂದು ಕ್ಯಾಲೆಂಡರು ಮಡಚಿಟ್ಟರು. ಮಾರನೆಯ ದಿನ ಮೂರೂವರೆಗೆ ಮತ್ತೆ ಎರಡು ರಿಂಗು ಕೊಟ್ಟರು.

ಎರಡು ವರ್ಷ ಮುಗಿಯುತ್ತ ಬಂದಿತು. ಮಾವ ಮನೆಗೆ ಸುಣ್ಣ ಹೊಡೆಸಿದರು. ಅತ್ತೆಯ ಮಂಚಕ್ಕೆ ಹೊಸ ಹಾಸಿಗೆ ತಂದರು. ಆಗ ಮತ್ತೊಂದು ಚೀಟಿ ಬಂತು. ಅದನ್ನು ನಾನು ಮಾವನಿಗೆ ಓದಿ ಹೇಳಬೇಕಾಯಿತು: "ಇನ್ನೊಂದು ವರ್ಷ ಇರ್ತೀರಾ ಅಂತ ಕೇಳ್ತಿದಾರೆ. ಸೋಮವಾರ ಉತ್ತರ ಕೊಡಬೇಕು. ನಿಮ್ಮ ಮಾವ ಬಾ ಅಂದರೆ ಬರುತ್ತೇನೆ, ಇರು ಅಂದರೆ ಇರುತ್ತೇನೆ. ನನಗೆ ಎರಡೂ ಸರಿಯೇ. ಭಾನುವಾರ ನಾಲ್ಕು ಗಂಟೆಗೆ ನಾನೇ ಮರದ ಕೆಳಗೆ ನಿಂತಿರ್ತೀನಿ, ಎತ್ತುತ್ತೀನಿ. ರಿಂಗು ಬೇಡ. ಬಾಯಿಬಿಟ್ಟು ಹೇಳಲಿ."

ಭಾನುವಾರ ಮಾವ ಹನ್ನೊಂದಕ್ಕೇ ಹರಿಹರಕ್ಕೆ ಬಂದಿಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಊಟಕ್ಕೆ ಕೂತಾಗಲೂ ತುಟಿ ಅಲುಗುತ್ತಿತ್ತು. ಏನು ಮಾವಾ ಎಂದರೆ, "ಸಾಕು, ಬಾ. ಇಷ್ಟೇ ಅಲ್ಲೇನವ್ವಾ ಅನ್ನಬೇಕಾದ್ದು? ಇಷ್ಟು ಅಂದ್ರೆ ಸಾಕಲ್ಲ?" ಎಂದರು. ಸಾಕು ಎಂದೆ. ಹೊಳೆಗೆ ನಡೆಯುವ ದಾರಿಯಲ್ಲೂ "ಸಾಕು, ಬಾ. ಸಾಕು, ಬಾ" ಎಂದು ಗೊಣಗಿಕೊಂಡರು. ಎದುರಿಗೆ ಬಂದ ಐಸ್‌ಕ್ಯಾಂಡಿಯವನು ತನ್ನನ್ನೇ ಕರೆದರೆಂದು ಗಾಡಿ ನಿಲ್ಲಿಸಿದ.

ನಾಲ್ಕು ಗಂಟೆಗೆ ನಾನೇ ಒತ್ತಿದೆ, ಸ್ಪೀಕರ್ ಹಾಕಿದೆ. ಒಂದೇ ರಿಂಗಿಗೆ ಅತ್ತೆ ಎತ್ತಿದರು. ದೇವರಾಣೆಗೂ ಹೇಳುತ್ತೇನೆ, ಎರಡು ವರ್ಷದಲ್ಲಿ ಮೊದಲ ಸಲ ಲೈನು ಅಷ್ಟು ಸ್ವಚ್ಛವಾಗಿತ್ತು! ಪ್ರತಿಧ್ವನಿಯಿಲ್ಲ, ಕರಕರ ಇಲ್ಲ. "ಹೇಳ್ರಿ" ಎಂದ ಅತ್ತೆಯ ದನಿ ಪಕ್ಕದ ಮೆಟ್ಟಿಲಿನಿಂದ ಬಂದಂತಿತ್ತು. ಮಾವ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಆ ಕಡೆ ಯಾರೋ ಕೂಗಿದರು. "ತಡೀರಿ, ಇಡಬ್ಯಾಡ್ರಿ" ಎಂದು ಅತ್ತೆ ಫೋನನ್ನು ಕೊಂಬೆಗೆ ಸಿಕ್ಕಿಸಿ ಓಡಿದ ಸದ್ದು ಕೇಳಿತು.

ಮಾವ ಇಡಲಿಲ್ಲ. ಕರೆ ಹೋದ ಕ್ಷಣವೇ ಕತ್ತರಿಸುವ ಮನುಷ್ಯ ಇಪ್ಪತ್ತು ನಿಮಿಷ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಕೋಳಿ ಕೂಗುವುದು ಕೇಳಿತು. ಗಾಳಿ ಕೇಳಿತು. ಅಂಗಳದಾಚೆ ಒಬ್ಬ ಹೆಂಗಸು ನರಳುವುದು, ಆಮೇಲೆ ಚೀರುವುದು ಕೇಳಿತು. ಅದರ ಮೇಲೆ ನಮ್ಮ ಅತ್ತೆಯ ದನಿ, ಆ ದೇಶದ ಯಾವುದೋ ಮಾತಿನ ನಡುವೆ ಪಕ್ಕಾ ದಾವಣಗೆರೆಯ ಕನ್ನಡದಲ್ಲಿ, "ಉಸಿರು ಬಿಡಮ್ಮಾ, ಬಿಡು!" ಮಾವ ಮೆಟ್ಟಿಲಿನ ಮೇಲೆ ಕೂತಲ್ಲೇ ಉಸಿರು ಬಿಟ್ಟರು. ನಾನೂ ಬಿಟ್ಟೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಫೋನು ಸತ್ತಿತೇನೋ ಎಂದು ನಾನು ಬಗ್ಗಿ ನೋಡಿದೆ. ಮಾವ ನನ್ನ ಕೈ ತಳ್ಳಿದರು. ಆಗ ಕೂಸಿನ ಅಳು ಕೇಳಿತು, ಸಣ್ಣದು, ಸಿಟ್ಟಿನದು.

ಅತ್ತೆ ಏದುಸಿರು ಬಿಡುತ್ತ ಬಂದರು. "ಇದೀರಾ? ಇಟ್ಟಬಿಟ್ರೇನೋ ಅಂದ್ಕಂಡೆ."

"ಇದೀನಿ. ಏನಾತು?"

"ಹೆಣ್ಣು ಕೂಸು. ಕುತ್ತಿಗಿಗೆ ಬಳ್ಳಿ ಸುತ್ತಿತ್ತು. ಈಗ ಇಬ್ರೂ ಆರಾಮ."

"ನೀನು ಇಲ್ದಿದ್ರೆ?"

ಅತ್ತೆ, "ಇನ್ನೂ ಹುಡುಗ್ಯಾರು ಕಲೀಬೇಕು" ಎಂದರು. "ಅದಿರ್ಲಿ, ನೀವು ಹೇಳ್ರಿ. ಬರ್ಲಾ?"

ಮಾವ ಹೊಳೆಯನ್ನು ನೋಡಿದರು, ನನ್ನನ್ನು ನೋಡಿದರು. ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದ ಎರಡು ಮಾತು ತುಟಿಯವರೆಗೆ ಬಂದದ್ದು ನನಗೆ ಕಾಣುತ್ತಿತ್ತು.

"ಇರು" ಎಂದರು, ಗಟ್ಟಿಯಾಗಿ. "ಒಂದ್ ವರ್ಷ ತಾನೆ, ಇರು. ನನಗಿಲ್ಲೇನಾಗೈತೆ? ಮನಿಗೆ ಸುಣ್ಣ ಹೊಡೆಸೀನಿ. ಚೆಂದ ಐತೆ." ಆಮೇಲೆ ತಾವೇ ಕೆಂಪು ಗುಂಡಿ ಒತ್ತಿದರು.

ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಬಾ ಅನ್ನಾಕೆ ಅಂತಾನೇ ಬಂದಿದ್ರಲ್ಲ ಮಾವಾ?"

ಮಾವ ಚಪ್ಪಲಿ ಹುಡುಕುವವರಂತೆ ತಲೆ ತಗ್ಗಿಸಿದರು. ಚಪ್ಪಲಿ ಕಾಲಲ್ಲೇ ಇತ್ತು.

"ಅಂದಿದ್ರೆ ಬಂದೇ ಬಿಡ್ತಿದ್ಲು ಕಣವ್ವಾ" ಎಂದರು.